‘ಅಂತ್ರಿ’ ಎನ್ನುತ್ತಿದ್ದ ಅಕ್ಕ

ಹೋದ ತಿಂಗಳು ಕೊಪ್ಪಳದ ಒಂದು ದವಾಖಾನೆಯಲ್ಲಿ ರಕ್ತ ತೆಗೆಯುವ ಹುಡುಗಿ ನನ್ನ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಸಕ್ಕರೆ ಕಾಯಿಲೆಯ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಮಾಡಿಸುವುದು, ಹೊಸದೇನಲ್ಲ. ಆದರೆ ಅಂದು ಕರೆಂಟು ಹೋಗಿ ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಆ ವಾಸನೆ ಬಂದದ್ದು ಹೋಗದೆ ಮೂಗಿನಲ್ಲೇ ಕೂತುಬಿಟ್ಟಿತು. ಸೂಜಿ ಯಾವಾಗ ಚುಚ್ಚಿದಳೋ ಗೊತ್ತಾಗಲಿಲ್ಲ. “ನೋವಾತೇನ್ರಿ ಅಮ್ಮಾ?” ಎಂದು ಕೇಳಿದಾಗಲೇ ನನ್ನ ಕಣ್ಣಲ್ಲಿ ನೀರು ಬಂದಿರುವುದು ತಿಳಿದದ್ದು. ಇಲ್ಲವ್ವ ಎಂದೆ. ನೋವಾಗಿರಲಿಲ್ಲ, ಖರೆ. ಸ್ಪಿರಿಟ್ಟಿನ ಜೊತೆ ಅಕ್ಕ ಬಂದಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಗಂಗಾವತಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದಾಗ ನನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವಳು. ನನಗಿಂತ ಹನ್ನೆರಡು ವರ್ಷವಾದರೂ ದೊಡ್ಡವಳು. ಕುಷ್ಟಗಿ ಕಡೆಯವಳು. ಕಡ್ಡಿಯಂಥ ಮೈ, ಬಿಗಿಯಾಗಿ ಕಟ್ಟಿದ ತುರುಬು. ಹೆಡ್‌ಫೋನಿನ ಪಟ್ಟಿ ಕೂತೂ ಕೂತೂ ನಡುನೆತ್ತಿಯಲ್ಲಿ ಒಂದು ಬೆರಳಗಲ ಕೂದಲು ಉದುರಿತ್ತು. ಅದನ್ನು ಮುಚ್ಚಲು ಬೈತಲೆಯನ್ನು ಸ್ವಲ್ಪ ಓರೆಯಾಗಿ ತೆಗೆಯುತ್ತಿದ್ದಳು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರಾದ ನಮ್ಮ ಸೂಪರ್‌ವೈಸರ್ ಸಾಹೇಬರೂ ಕೂಡ.

ಈಗಿನವರಿಗೆ ಆ ಕೆಲಸ ಹೇಗಿತ್ತೆಂದು ಹೇಳಬೇಕು. ಯಾರಾದರೂ ತಮ್ಮ ಫೋನಿನ ಹಿಡಿಕೆ ತಿರುವಿದರೆ ನಮ್ಮ ಬೋರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ನಾವು ಅಲ್ಲಿ ಪ್ಲಗ್ಗು ಚುಚ್ಚಿ ಯಾವ ನಂಬರ್ ಬೇಕೆಂದು ಕೇಳಿ ಇನ್ನೊಂದು ತೂತಿಗೆ ಚುಚ್ಚಬೇಕು. ಪರವೂರಾದರೆ ಬುಕ್ ಮಾಡಿ ಕಾಯಬೇಕು. ಕಿವಿಗೆ ಹೆಡ್‌ಫೋನು, ಎದೆಗೆ ಕಟ್ಟಿದ ಹಲಗೆಯಿಂದ ಬಾಯಿಗೆ ಬರುವ ಒಂದು ಕಪ್ಪು ಕೊಂಬು. ಆ ಕೊಂಬನ್ನು ಅಕ್ಕ ದಿನಾ ಬೆಳಿಗ್ಗೆ ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದಳು. ಹಿಂದಿನ ಪಾಳಿಯವರ ಉಗುಳು ಇರುತ್ತದೆ, ಒರೆಸಬೇಕು ಎಂದು ರೂಲೇ ಇತ್ತು. ನಾವು ಸೆರಗಿನಿಂದ ಒರೆಸಿ ಮುಗಿಸುತ್ತಿದ್ದೆವು. ಅಕ್ಕ ಮಾತ್ರ ನಿಧಾನವಾಗಿ, ಒಳಗೂ ಹೊರಗೂ ಉಜ್ಜುತ್ತಿದ್ದಳು. ಏನಕ್ಕಾ ಇಷ್ಟು ಹೊತ್ತು ಎಂದು ಒಮ್ಮೆ ಕೇಳಿದ್ದಕ್ಕೆ “ನಿನ್ನೆ ಆಡಿದ್ದು ಇನ್ನೂ ಅಂಟೈತಿ ನೋಡು” ಎಂದಿದ್ದಳು. ತಮಾಷೆ ಎಂದುಕೊಂಡು ನಕ್ಕಿದ್ದೆ.

ನನಗೆ ನೌಕರಿ ಸಿಕ್ಕಿದ್ದು ನಮ್ಮ ಅಪ್ಪನಿಗೆ ಹೆಮ್ಮೆಯ ಜೊತೆಗೆ ಅನುಮಾನದ ಸಂಗತಿಯೂ ಆಗಿತ್ತು. ಇರಕಲ್ಲಗಡದಲ್ಲಿ ಹೊಲ ಮಾಡಿಕೊಂಡಿದ್ದವನು. “ಕುಂತಕೊಂಡು ಮಾತಾಡಾಕ ಪಗಾರ ಕೊಡ್ತಾರೇನು? ಹಂಗಾದ್ರ ನಿಮ್ಮವ್ವಗ ಎಷ್ಟ ಬಾಕಿ ಕೊಡಬೇಕಾತು ಸರ್ಕಾರ!” ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ರಜೆಯಲ್ಲಿ ಊರಿಗೆ ಹೋಗಿ ನಾನು ಮಧ್ಯಾಹ್ನವೆಲ್ಲ ಮಲಗಿದರೆ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ದಣಿವೆಂಬುದು ಕಳೆ ಕಿತ್ತವರಿಗೆ, ನೀರು ಕಟ್ಟಿದವರಿಗೆ ಬರುವುದು. ಕುರ್ಚಿಯ ಮೇಲೆ ಕೂತವಳಿಗೆ ಎಂಥ ದಣಿವು? ಆಗ ಅದಕ್ಕೊಂದು ಹೆಸರು ಇರಲಿಲ್ಲ. ಈಗ ಪೇಪರಿನಲ್ಲಿ ಏನೇನೋ ಹೆಸರು ಬರೆಯುತ್ತಾರೆ, ಓದಿ ಪಕ್ಕಕ್ಕಿಡುತ್ತೇನೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಮಾತು ದಾಟಿಸುವುದು. ಕುಷ್ಟಗಿ, ಯಲಬುರ್ಗಾ ಕಡೆಯ ತಂತಿಗಳು ಗಾಳಿ ಬೀಸಿದರೆ ಸಾಕು, ಕೈಕೊಡುತ್ತಿದ್ದವು. ಲೈನ್ ಸಣ್ಣಗಾಯಿತು ಎನ್ನುತ್ತಿದ್ದೆವು. ಅವರ ಮಾತು ಇವರಿಗೆ ಕೇಳದು, ಇವರದು ಅವರಿಗೆ ಕೇಳದು, ನಡುವೆ ಕೂತ ನಮಗೆ ಮಾತ್ರ ಎರಡೂ ಅಷ್ಟಿಷ್ಟು ಕೇಳಿಸುತ್ತಿತ್ತು. ಆಗ ನಾವೇ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಹೇಳಬೇಕು. ಸೇರಿದ ಮೊದಲ ವಾರವೇ ನಾನು ಎಡವಟ್ಟು ಮಾಡಿಕೊಂಡೆ. ಕುಷ್ಟಗಿಯ ಒಬ್ಬ ಹತ್ತಿ ವ್ಯಾಪಾರಿ, ಮಾಲು ಕಳಿಸದ ಗಂಗಾವತಿಯ ವ್ಯಾಪಾರಿಗೆ ಬೈಯುತ್ತಿದ್ದ. ಅವನು ಹೇಳಿದ್ದನ್ನು ಹಾಗೆಯೇ, ಒಂದಕ್ಷರ ಬಿಡದೆ, “ಲೇ ಕಳ್ಳಾ, ಬಂದು ನಿನ್ನ ಕಾಲು ಮುರೀತೀನಿ” ಎಂದು ಈ ಕಡೆ ಹೇಳಿಬಿಟ್ಟೆ. ಈ ಕಡೆಯವನು “ಯಾರವ್ವಾ ನೀನು? ನಾ ನಿನಗೇನು ಮಾಡೀನಿ?” ಎಂದು ಕೇಳಿದ.

ಇಡೀ ಕೋಣೆ ನಕ್ಕಿತು. ಅಕ್ಕ ನಗಲಿಲ್ಲ. ಚಹಾದ ಹೊತ್ತಿಗೆ ನನ್ನನ್ನು ಕಿಟಕಿಯ ಹತ್ತಿರ ಕರೆದಳು.

“ಕೇಳಿಲ್ಲಿ. ಮಂದಿ ಏನ ಹೇಳಲಿ, ಕಡೀಕ ‘ಅಂತ್ರಿ’ ಹಚ್ಚು. ನಾಳೆ ಬರ್ತಾರಂತ್ರಿ. ಕಾಲು ಮುರೀತಾರಂತ್ರಿ. ತೀರಿಕೊಂಡಾರಂತ್ರಿ. ಅಂತ್ರಿ ಹಚ್ಚಿದಿ ಅಂದ್ರ ಆ ಮಾತು ಅವರದು. ಬಿಟ್ಟಿ ಅಂದ್ರ ನಿಂದಾತು. ದಿನಾ ಇಷ್ಟು ಮಂದಿ ಮಾತು ಮನೀಗೆ ಹೊತಗೊಂಡು ಹೋಗಾಕ ಆಗಂಗಿಲ್ಲ ತಂಗಿ.”

ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟೊಂದು ಇದೆಯೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಅಂದಿನಿಂದ ನಾನೂ ಹಚ್ಚತೊಡಗಿದೆ. ಕೆಲಸ ಹಗುರಾಯಿತು. ಬೈಗುಳ ಬಂದರೆ ಅಂತ್ರಿ, ಮದುವೆ ಗೊತ್ತಾದರೆ ಅಂತ್ರಿ, ಹೆರಿಗೆಯಾದರೆ ಅಂತ್ರಿ. ಮಾತು ನನ್ನ ಬಾಯಿಯಿಂದ ಹೋಗುತ್ತಿತ್ತು, ಆದರೆ ಒಳಗೆ ಇಳಿಯುತ್ತಿರಲಿಲ್ಲ. ಹಾಗೆಂದು ನಾನು ನಂಬಿದ್ದೆ.

ಆದರೆ ಸಾವಿನ ಕಾಲ್‌ಗಳು ಬಂದಾಗ ನಮಗೆ ಅಂತ್ರಿಯೂ ಸಾಲುತ್ತಿರಲಿಲ್ಲ. ದನಿ ನಡುಗುತ್ತಿತ್ತು. ಅತ್ತ ಕಡೆಯವರು ‘ಏನ್ರೀ, ಏನಾತ್ರಿ’ ಎಂದು ಗಾಬರಿಯಾಗಿ ಕೂಗತೊಡಗಿದರೆ ನಾವು ಮಾತು ತಪ್ಪಿ ತೊದಲುತ್ತಿದ್ದೆವು. ಆಗ ಅಕ್ಕ ಕೈ ಚಾಚುತ್ತಿದ್ದಳು. “ಇಲ್ಲಿ ಕೊಡು” ಎಂದು ವಯರನ್ನು ತನ್ನ ಬೋರ್ಡಿಗೆ ಎಳೆದುಕೊಂಡು ನಿಧಾನವಾಗಿ, ಸಮನಾಗಿ ಹೇಳುತ್ತಿದ್ದಳು: “ಕೂತ್ಕೊರ್ರಿ ಅಣ್ಣಾರ. ಪಕ್ಕದಾಗ ಯಾರರ ಅದಾರೇನು? ಹೂಂ. ನಿಮ್ಮ ಕಾಕಾ ತೀರಿಕೊಂಡ್ರಂತ್ರಿ. ಮುಂಜಾನೆ ಅಂತ್ರಿ. ನೀವು ಬರೂತನಾ ಕಾಯ್ತಾರಂತ್ರಿ.” ಆ ದನಿಯಲ್ಲಿ ಮರುಕವಿತ್ತು, ಗಾಬರಿ ಇರಲಿಲ್ಲ. ಮುಖದಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಮುಖ ಯಾರು ನೋಡುತ್ತಾರೆ? ಬೈಯುವ ಗಿರಣಿ ಮಾಲಕರಿಗೆ ಅವಳು ಉತ್ತರ ಕೊಡುವುದನ್ನು ಪಕ್ಕದಿಂದ ನೋಡಬೇಕಿತ್ತು. ದನಿ ನಗುತ್ತಿರುತ್ತಿತ್ತು, ಮುಖ ಖಾಲಿ ಗೋಡೆಯಾಗಿರುತ್ತಿತ್ತು.

ಮೊದಮೊದಲು ಅವಳೇ ಕೈ ಚಾಚುತ್ತಿದ್ದದ್ದು ಬರುಬರುತ್ತಾ ನಮ್ಮ ರೂಢಿಯಾಯಿತು. ಸಾವಿನ ಸುಳಿವು ಹತ್ತಿದರೆ ಸಾಕು, ‘ಅಕ್ಕಾ’ ಎಂದು ಅತ್ತ ಸರಿಸುತ್ತಿದ್ದೆವು. ಕೊಪ್ಪಳದ ಆಪರೇಟರ್‌ಗಳಿಗೂ ಗೊತ್ತಾಗಿತ್ತು. “ಸಾವಿಂದೈತಿ, ನಿಮ್ಮ ಅಕ್ಕಗ ಕೊಡು” ಎಂದೇ ಹೇಳುತ್ತಿದ್ದರು. ನಾಲ್ಕು ತಾಲೂಕಿನ ಸಾವು ಆ ಒಂದು ಕುರ್ಚಿಗೆ ಬರುತ್ತಿತ್ತು. ಅದು ಸರಿಯಲ್ಲ ಎಂದು ನಮ್ಮಲ್ಲಿ ಒಬ್ಬರಿಗಾದರೂ ಅನ್ನಿಸಿತೇ? ಇಲ್ಲ. ಅಕ್ಕನಿಗೆ ಬರುತ್ತದೆ, ಅಕ್ಕ ಮಾಡುತ್ತಾಳೆ. ಚೆನ್ನಾಗಿ ಮಾಡುವವರ ಮೇಲೆಯೇ ಕೆಲಸ ಹೇರುವುದು ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ...

ಒಂದು ಬೇಸಿಗೆಯಲ್ಲಿ ಕುಷ್ಟಗಿಯಿಂದ ಅವಳಿಗೇ ಕಾಲ್ ಬಂತು. ಅವಳದೇ ಬೋರ್ಡಿಗೆ ಬಂತು. ನಾನು ಪಕ್ಕದಲ್ಲೇ ಇದ್ದೆ. “ಹೇಳ್ರಿ... ಹೌದ್ರಿ... ಯಾವಾಗ್ರಿ... ಆತ್ರಿ” ಎಂದಳು. ವಯರು ಕಿತ್ತಳು. ಆ ಹೊತ್ತಿಗೆ ಒಬ್ಬ ಗಿರಣಿಯವರ ಬಳ್ಳಾರಿ ಕಾಲ್ ಕಾದಿತ್ತು, ಅದನ್ನು ಜೋಡಿಸಿದಳು. ಚೀಟಿಯಲ್ಲಿ ವೇಳೆ ಬರೆದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

“ನಮ್ಮವ್ವ ತೀರಿಕೊಂಡ್ಳಂತ.”

ಅದೇ ದನಿ. ನಿಧಾನ, ಸಮ. ಸಾಹೇಬರು ಓಡಿ ಬಂದರು, ಹೋಗವ್ವ ಹೋಗು ಎಂದರು. ಬದಲಿಯವಳು ಬರಲಿ ಎಂದು ಅಕ್ಕ ಅರ್ಧ ಗಂಟೆ ಕೂತಳು. ಆ ಅರ್ಧ ಗಂಟೆಯಲ್ಲಿ ಎಷ್ಟು ಮುಚ್ಚಳ ಬಿದ್ದವೋ ಅಷ್ಟಕ್ಕೂ ಉತ್ತರ ಕೊಟ್ಟಳು. ಅವಳು ಹೋದ ಮೇಲೆ ನಾವು ಏನು ಮಾತಾಡಿಕೊಂಡೆವು ಗೊತ್ತೇ? ಎಂಥ ಗಟ್ಟಿ ಹೆಣ್ಣು, ಎಂಥ ಧೈರ್ಯ! ನೌಕರಿ ಮಾಡಿದರೆ ಹಾಗೆ ಮಾಡಬೇಕು ಎಂದೆ ನಾನು. ಐದನೆಯ ದಿನ ಅವಳು ಡ್ಯೂಟಿಗೆ ಬಂದಳು. ಕೊಂಬು ಒರೆಸಿದಳು, ಕೂತಳು. ಅಳು ಬಂತಾ ಅಕ್ಕಾ ಎಂದು ಯಾರೂ ಕೇಳಲಿಲ್ಲ. ಕೇಳುವುದು ಹೇಗೆ? ಅಂಥದ್ದನ್ನು ಅವಳೇ ನಮ್ಮ ಪರವಾಗಿ ಕೇಳುತ್ತಿದ್ದವಳು.

ಅದಾದ ಮೇಲೆ ಎರಡು ವರ್ಷವಾದರೂ ಅವಳು ಅದೇ ಕುರ್ಚಿಯಲ್ಲಿದ್ದಳು. ಆ ಎರಡು ವರ್ಷದಲ್ಲಿ ಏನೋ ಆಗುತ್ತಿತ್ತು, ಮತ್ತು ಅದು ನಮಗೆ ತಮಾಷೆಯಾಗಿ ಕಂಡಿತ್ತು. ಅಕ್ಕ ತನ್ನ ಮಾತಿಗೂ ಅಂತ ಹಚ್ಚತೊಡಗಿದಳು. ಊಟಕ್ಕೆ ಏಳುವಾಗ “ಹಸಿವಾಗೈತಂತ” ಎನ್ನುತ್ತಿದ್ದಳು. “ತಲಿ ನೋಯಾಕತ್ತೈತಂತ.” ಯಾರಿಗಕ್ಕಾ ಎಂದರೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ “ನನಗ” ಎನ್ನುತ್ತಿದ್ದಳು. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ನಾನಂತೂ ಅವಳನ್ನು ಅಣಕಿಸಿ, “ಸಾಹೇಬರ, ನನಗ ರಜಾ ಬೇಕಂತ್ರಿ” ಎಂದು ಸಾಹೇಬರನ್ನೂ ನಗಿಸಿದ್ದೆ.

ಅವಳ ಗಂಡ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರು. ಶನಿವಾರ ಬರುತ್ತಿದ್ದರು. ಒಂದು ಶನಿವಾರ ಕೆಳಗಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, ಚಪ್ಪಲಿ ನೋಡಿಕೊಳ್ಳುತ್ತಾ ಹೇಳಿದರು: “ಮನ್ಯಾಗೂ ಹಂಗ ಮಾತಾಡ್ತಾಳ್ರಿ ತಂಗಿ. ಸಾರು ಉಪ್ಪಾದ್ರೂ ನಗುದನಿ, ನಾ ಸಿಟ್ಟಾದ್ರೂ ನಗುದನಿ. ಒಂದ್ಸಲ ಬೈದಿದ್ರ ಛಲೋ ಇತ್ತು. ಆಫೀಸಿನ್ಯಾಗ ಏನರ ತ್ರಾಸು ಐತೇನ್ರಿ?” ಏನೂ ಇಲ್ಲ ಸರ್, ಎಲ್ಲರಿಗೂ ಅಕ್ಕ ಅಂದರೆ ಭಾಳ ಪ್ರೀತಿ ಎಂದೆ. ಅದು ಸುಳ್ಳೂ ಅಲ್ಲ. ದವಾಖಾನೆಗೆ ತೋರಿಸಿದ್ದಕ್ಕೆ ವೀಕ್‌ನೆಸ್ ಎಂದು ಕೆಂಪು ಗುಳಿಗೆ ಕೊಟ್ಟಿದ್ದರಂತೆ. ಅವಳು ಅದನ್ನು ಮಧ್ಯಾಹ್ನ ನೀರಿನ ಜೊತೆ ನುಂಗುತ್ತಿದ್ದಳು.

ಆ ದಿನ... ಅದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಬೆಳಿಗ್ಗೆ ಎಂದಿನಂತೆ ಕೊಂಬು ಒರೆಸುತ್ತಿದ್ದ ಅಕ್ಕ ಕೈ ನಿಲ್ಲಿಸಿ ನನಗೆ ಹೇಳಿದಳು: “ಇವತ್ತೊಂದಿನ ಸಾವಿಂದು ನನಗ ಕೊಡಬ್ಯಾಡವ್ವ. ಇವತ್ತ ನನಗ ಆಗಂಗಿಲ್ಲ.” ಹೂಂ ಎಂದೆ. ಆ ಮಾತಿಗೆ ಅವಳು ಅಂತ ಹಚ್ಚಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಅವಳದೇ ಮಾತು ಅದು. ನನ್ನ ಕಿವಿಗೆ ಅದು ಬೀಳಬೇಕಿತ್ತು. ಕಿವಿಯ ನೌಕರಿ ಮಾಡುತ್ತಿದ್ದವಳು ನಾನು.

ಮಧ್ಯಾಹ್ನ ಎರಡರ ಬಿಸಿಲು. ಕಿಟಕಿಗೆ ನೀರು ಚಿಮುಕಿಸಿದ ಗೋಣಿ ಕಟ್ಟಿದ್ದರೂ ಕೋಣೆ ಕುದಿಯುತ್ತಿತ್ತು. ನನ್ನ ಬೋರ್ಡಿಗೆ ಕೊಪ್ಪಳ ಬಂತು. “ಯಲಬುರ್ಗಾದ್ದೈತಿ, ನಿಮ್ಮೂರಿಗೆ. ಗಿರಣಿಯ ಫಿಟರ್‌ಗೆ ಅವನ ತಂಗಿ ಮಾತಾಡಬೇಕಂತ. ಸಾವಿಂದು. ಲೈನ್ ಸಣ್ಣೈತಿ, ನೀನ ದಾಟಸಬೇಕು.” ಬೆಳಿಗ್ಗೆಯಿಂದ ನಾನು ಆಗಲೇ ಎರಡು ಜನರಿಂದ ಬೈಸಿಕೊಂಡಿದ್ದೆ. ತಲೆ ಸಿಡಿಯುತ್ತಿತ್ತು. ಆ ಹೆಣ್ಣುಮಗಳ ಅಳು ಸಣ್ಣಗೆ ಕೇಳತೊಡಗಿತ್ತು. ನಾನು ಅಕ್ಕನ ಕಡೆ ತಿರುಗಿ ‘ಅಕ್ಕಾ, ಯಲಬುರ್ಗಾ’ ಎಂದಷ್ಟೇ ಹೇಳಿ ವಯರನ್ನು ಅವಳ ಬೋರ್ಡಿಗೆ ಸರಿಸಿದೆ. ಸಾವಿನದು ಎಂದು ಹೇಳಲಿಲ್ಲ. ಅವಳು ಏನೂ ಕೇಳದೆ ತೆಗೆದುಕೊಂಡಳು.

ಗಿರಣಿಗೆ ಜೋಡಿಸಿ ಫಿಟರ್‌ನನ್ನು ಕರೆಸಿದಳು. “ನಿಮ್ಮ ತಂಗಿ ಅದಾರ್ರಿ, ಲೈನ್ ಸಣ್ಣೈತಿ, ನಾನ ಹೇಳ್ತೀನಿ” ಎಂದಳು ನಗುದನಿಯಲ್ಲಿ. ಬೋರ್ಡಿನ ಕೀಲಿಯನ್ನು ಯಲಬುರ್ಗಾ ಕಡೆ ತಿರುವಿ “ಹೇಳ್ರಿ” ಎಂದಳು. ಕೇಳಿದಳು. “ಇನ್ನೊಮ್ಮೆ ಹೇಳ್ರಿ” ಎಂದಳು. ಆಮೇಲೆ ಗಿರಣಿಯ ಕಡೆ ತಿರುವಿದಳು.

“ಅಣ್ಣಾ... ಅವ್ವ ಹೋದ್ಳೋ ಅಣ್ಣಾ.”

ನಾನು ಕಾದೆ. ಅಂತ್ರಿ ಬರಲಿಲ್ಲ.

“ಅವ್ವ ಹೋದ್ಳು. ನೀ ಬರಲಿಲ್ಲ. ದಾರಿ ನೋಡಿ ನೋಡಿ ಹೋದ್ಳು. ಬಾಯಾಗ ಹನಿ ನೀರು ಬಿಡಾಕ ನೀ ಇರಲಿಲ್ಲಲ್ಲೋ...”

ಅದರಲ್ಲಿ ಯಲಬುರ್ಗಾದವಳ ಮಾತು ಎಷ್ಟು, ಅಕ್ಕನ ಮಾತು ಎಷ್ಟು, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಮಾತು ಇರಲಿಲ್ಲ. ಎರಡು ವರ್ಷದ ಅಳು ಒಮ್ಮೆಲೇ ಬಂತು. ಎದೆಯ ಹಲಗೆಗೆ ಬಗ್ಗಿ, ಆ ಒರೆಸಿ ಇಟ್ಟ ಕೊಂಬಿನೊಳಗೇ ಬಾಯಿಟ್ಟು ಅತ್ತಳು. ವಯರು ಚುಚ್ಚಿಯೇ ಇತ್ತು. ಗಿರಣಿಗೆ ಕೇಳುತ್ತಿತ್ತು, ಕೊಪ್ಪಳಕ್ಕೆ ಕೇಳುತ್ತಿತ್ತು. ನಾನು ಕೈ ಚಾಚಿ ಕಿತ್ತರೆ ಆಗುತ್ತಿತ್ತು. ನನ್ನ ಕೈ ಏಳಲಿಲ್ಲ. ಕೋಣೆಯಲ್ಲಿ ಮುಚ್ಚಳಗಳು ಟಕ್ ಟಕ್ ಎಂದು ಬೀಳುತ್ತಲೇ ಇದ್ದವು, ಯಾರೂ ಎತ್ತಲಿಲ್ಲ. ಕೊನೆಗೆ ಸಾಹೇಬರೇ ಬಂದು ಹೆಡ್‌ಫೋನನ್ನು ಅವಳ ತಲೆಯಿಂದ ಮೆಲ್ಲಗೆ ತೆಗೆದರು. “ನೀರು ಕೊಡ್ರೆವ್ವಾ ಯಾರರ” ಎಂದರು.

ಮರುದಿನ ಅವಳು ಬಂದಳು. ಕೊಂಬು ಒರೆಸಿದಳು, ಕೂತಳು. ಮೊದಲ ಮುಚ್ಚಳ ಬಿತ್ತು. ಪ್ಲಗ್ಗು ಚುಚ್ಚಿದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಅತ್ತಲಿಂದ ಯಾರೋ ಹಲೋ ಹಲೋ ಎಂದು ಕೂಗುವುದು ನನಗೂ ಕೇಳುತ್ತಿತ್ತು. ಇನ್ನೊಮ್ಮೆ ಬಾಯಿ ತೆರೆದಳು. ಆಮೇಲೆ ಪ್ಲಗ್ಗನ್ನು ಮೆಲ್ಲಗೆ ಹಿಂದಕ್ಕೆಳೆದು, ಹೆಡ್‌ಫೋನು ಬಿಚ್ಚಿಟ್ಟು, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಳು. ಬೈಯುವವರಿಗೆ, ಸತ್ತವರ ಮನೆಯವರಿಗೆ, ನಮಗೆ, ಗಂಡನಿಗೆ ಕೊಟ್ಟು ಕೊಟ್ಟು ಆ ದನಿ ಮುಗಿದೇ ಹೋಗಿತ್ತು. ಸಾಹೇಬರು ಯಾವ ಮೆಮೋನೂ ಕೊಡಲಿಲ್ಲ. ರಜೆ ಬರೆಸಿಕೊಂಡರು, ಮೇಲಿನವರಿಗೆ ಹೇಳಿ ಕೊಪ್ಪಳದಲ್ಲಿ ಹಳೆಯ ಕಡತ ಜೋಡಿಸುವ ಕೆಲಸ ಕೊಡಿಸಿದರು. ಅಲ್ಲಿ ಯಾರ ಜೊತೆಗೂ ಮಾತಾಡಬೇಕಾದ್ದಿರಲಿಲ್ಲ.

ಹೋಗುವ ದಿನ ಸಾಮಾನು ತೆಗೆದುಕೊಳ್ಳಲು ಬಂದಾಗ ತನ್ನ ಸ್ಪಿರಿಟ್ ಬಾಟಲಿಯನ್ನು ನನ್ನ ಕೈಗಿಟ್ಟಳು. ಇನ್ನೂ ಅರ್ಧ ಇತ್ತು. ನಾನು ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, ಬಹಳ ಸಣ್ಣ ದನಿಯಲ್ಲಿ: “ಅವತ್ತ ನೀ ‘ಯಲಬುರ್ಗಾ’ ಅಂದಾಗ ನಿನ್ನ ದನ್ಯಾಗ ಗೊತ್ತಾಗಿತ್ತು ನನಗ. ಇರ್ಲಿ ತಗೋ. ನಿನಗೂ ಸಾಕಾಗಿತ್ತು.” ಬೈದಿದ್ದರೆ ಒಳ್ಳೆಯದಿತ್ತು. ಅವಳ ಗಂಡ ಹೇಳಿದ್ದು ನನಗೆ ಆಗ ತಿಳಿಯಿತು.

ಅವಳು ಹೋದ ಮೂರೋ ನಾಲ್ಕೋ ವಾರಕ್ಕೆ ಎಕ್ಸ್‌ಚೇಂಜಿನ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ನುಣ್ಣಗೆ ಬೋಳಿಸಿದ್ದ ತಲೆಯಲ್ಲಿ ಆಗಷ್ಟೇ ಕೂದಲು ಚಿಗುರಿತ್ತು. ಕೈಯಲ್ಲಿ ಒಂದು ಚೀಲ. ತಾನು ಗಿರಣಿಯ ಫಿಟರ್ ಎಂದ. ತಕರಾರು ಕೊಡಲು ಬಂದಿದ್ದಾನೆಂದೇ ತಿಳಿದೆ. ಅವತ್ತು ಫೋನಿನಲ್ಲಿ ಅತ್ತವರು ಯಾರ್ರಿ ಎಂದು ಕೇಳಿದ. ಯಾಕೆ ಎಂದೆ.

“ನಾನು ಅಳಲಿಲ್ರಿ ಅವತ್ತ. ಮಾಲಕ್ರು ಎದುರಿಗೆ ಕುಂತಿದ್ರು, ಮಷೀನ್ ನಡದಿತ್ತು, ಅವರ ಫೋನು... ಅಲ್ಲಿ ಹ್ಯಾಂಗ ಅಳೂದು? ಆದ್ರ ಫೋನಿನ್ಯಾಗ ಯಾರೋ ನನ್ನ ಪರವಾಗಿ ಅತ್ತರಲ್ರಿ. ನಮ್ಮ ತಂಗಿ ಅಲ್ಲ ಅದು, ದನಿ ಗೊತ್ತಾಗ್ತೈತಿ. ಬಸ್ಸಿನ್ಯಾಗ ಊರು ಮುಟ್ಟೂತನಾ ಅದ ನನ್ನ ಕಿವ್ಯಾಗ ಇತ್ತು. ಅದರ ಬಲದ ಮ್ಯಾಲ ಊರು ಮುಟ್ಟಿದೆ. ಅವರಿಗೊಂದು ಕೈ ಮುಗದು ಹೋಗೋಣು ಅಂತ ಬಂದೆ.”

ನಾನು ಏನು ಹೇಳಿದೆ? “ಅವರಿಗೆ ಕೊಪ್ಪಳಕ್ಕ ವರ್ಗ ಆಗೈತಂತ್ರಿ” ಎಂದೆ. ನನ್ನ ಪಕ್ಕದ ಕುರ್ಚಿಯವಳ ಸುದ್ದಿಗೆ, ನಾನೇ ತಳ್ಳಿದವಳ ಸುದ್ದಿಗೆ ಅಂತ್ರಿ ಹಚ್ಚಿದೆ. ಅವನು ಆ ಚೀಲವನ್ನು ಮುಂದಿಟ್ಟು “ಊರಿಂದ ತಂದೆ, ಹಸಿ ಶೇಂಗಾ. ಅವರಿಗೆ ಮುಟ್ಟಸ್ರಿ. ನಾ ಹೇಳಿದ್ದೂ ಮುಟ್ಟಸ್ರಿ” ಎಂದ. ಮುಟ್ಟಿಸುತ್ತೇನೆ ಎಂದೆ.

ಶೇಂಗಾ ನಾವೇ ಕುದಿಸಿ ತಿಂದೆವು. ಇಟ್ಟರೆ ಕೆಡುತ್ತದಲ್ಲ.

ಮಾತು ಕೆಡುತ್ತಿರಲಿಲ್ಲ. ಅದನ್ನು ಮುಟ್ಟಿಸಲು ನನಗೆ ಬಸ್ಸು ಹತ್ತಬೇಕಾದ್ದೂ ಇರಲಿಲ್ಲ. ಕೊಪ್ಪಳದ ವಯರು ದಿನಾ ನನ್ನ ಕೈಯಲ್ಲೇ ಇರುತ್ತಿತ್ತು. ಕೊಪ್ಪಳದ ಆಪರೇಟರ್‌ಗೆ ‘ಅಕ್ಕನ್ನ ಒಂದು ನಿಮಿಷ ಕರಿ’ ಎಂದರೆ ಕರೆಯುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೇಳಿದರೆ ಆ ಮಧ್ಯಾಹ್ನದ ಮಾತು ಬರುತ್ತದೆ, ಅದು ಬಂದರೆ ನಾನು ಕ್ಷಮೆ ಕೇಳಬೇಕು. ಈಗ ಬೇಡ, ಪಾಳಿ ಮುಗಿದಿದೆ, ದಣಿದಿದ್ದೇನೆ. ಆಮೇಲೆ ನನ್ನ ಮದುವೆ, ಮಕ್ಕಳು. ಅಷ್ಟರಲ್ಲಿ ಅಕ್ಕ ಬಿಟ್ಟುಹೋದ ಕುರ್ಚಿ ನನ್ನದಾಗಿತ್ತು. ಹೊಸ ಹುಡುಗಿಯರು ಸಾವಿನ ಕಾಲ್‌ಗಳನ್ನು ನನ್ನ ಕಡೆ ಸರಿಸತೊಡಗಿದ್ದರು. ನಾನು ನಿಧಾನವಾಗಿ, ಸಮನಾಗಿ ಹೇಳಲು ಕಲಿತಿದ್ದೆ. ಮನೆಯಲ್ಲಿ ಮಗು ಬಿದ್ದು ಹಣೆ ಒಡೆದುಕೊಂಡಾಗ ನನ್ನ ದನಿ ನಗುತ್ತಿದ್ದುದನ್ನು ನನ್ನ ಗಂಡ ಹೇಳಿದ ಮೇಲೆ ನಾನು ಹೆದರಿದೆ. ಎಂಬತ್ತರ ದಶಕ ಮುಗಿಯುವುದರೊಳಗೆ ಬೋರ್ಡುಗಳೇ ಹೋಗಿ ಆಟೋಮ್ಯಾಟಿಕ್ ಬಂತು. ಅದು ಬಂದದ್ದರಿಂದ ನಾನು ಉಳಿದೆ, ನನ್ನ ಜಾಣತನದಿಂದಲ್ಲ.

ಹೋದ ವರ್ಷ ಗಂಗಾವತಿಯ ಒಂದು ಮದುವೆಯ ಪಂಕ್ತಿಯಲ್ಲಿ ನಮ್ಮ ಜೊತೆಗಿದ್ದ ಇನ್ನೊಬ್ಬ ಆಪರೇಟರ್ ಸಿಕ್ಕಳು. ಅವರಿವರ ಸುದ್ದಿ ಬಂತು. “ನಮ್ಮ ಅಕ್ಕ ತೀರಿಕೊಂಡು ಭಾಳ ವರ್ಷ ಆತಂತಲ್ಲ, ಗೊತ್ತಿಲ್ಲೇನು ನಿನಗ?” ಎಂದಳು. “ಹೌದಂತ?” ಎಂದೆ. ಬಡಿಸುವವನು ಹೋಳಿಗೆ ತಂದ. ತುಪ್ಪ ಹಾಕಿಸಿಕೊಂಡೆ. ತಿಂದೆ. ನನಗೆ ಏನೂ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಗಿಣಿಗೇರಾದ ಕಾರ್ಖಾನೆಗಳ ಹೊಗೆ ನೋಡುತ್ತಾ, ನನಗೆ ಏನೂ ಆಗುತ್ತಿಲ್ಲವಲ್ಲ ಎಂದು ಒಮ್ಮೆ ಅನ್ನಿಸಿತು, ಅಷ್ಟೇ.

ಹೋದ ತಿಂಗಳು ಆ ಸ್ಪಿರಿಟ್ಟಿನ ಹತ್ತಿ ತೋಳಿಗೆ ತಾಗುವವರೆಗೆ ಏನೂ ಆಗಿರಲಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿಕೊಳ್ಳಿ ಎಂದು ಹುಡುಗಿ ಹೇಳಿದಳು. ಒತ್ತಿಕೊಂಡು ಕೂತೆ. ಕಣ್ಣೀರು ನಿಲ್ಲಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕಾದಿದ್ದರು. ಬೆಳಿಗ್ಗೆಯಿಂದ ಎಷ್ಟು ತೋಳು ಚುಚ್ಚಿದ್ದಳೋ, ಎಷ್ಟು ಜನರಿಂದ ಮೆತ್ತಗೆ ಚುಚ್ಚಲು ಬರುವುದಿಲ್ಲವೇ ಎಂದು ಬೈಸಿಕೊಂಡಿದ್ದಳೋ, ಆದರೂ ಆ ಹುಡುಗಿ ಮುಂದಿನವರನ್ನು ಕರೆಯಲಿಲ್ಲ. ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು.

“ಯಾಕ್ರಿ ಅಮ್ಮಾ? ಯಾರರ ತೀರಿಕೊಂಡಾರೇನು?”

“ನಮ್ಮ ಅಕ್ಕ ತೀರಿಕೊಂಡ್ಳವ್ವ” ಎಂದೆ. ಅಂತ ಹಚ್ಚಲಿಲ್ಲ.

“ಅಯ್ಯ... ಯಾವಾಗ್ರಿ?”

ನನಗೆ ಗೊತ್ತಿರಲಿಲ್ಲ. ಯಾವ ವರ್ಷ, ಯಾವ ಊರಲ್ಲಿ, ಬಾಯಿಗೆ ನೀರು ಬಿಡಲು ಯಾರಾದರೂ ಇದ್ದರೋ ಇಲ್ಲವೋ, ನನಗೆ ಏನೂ ಗೊತ್ತಿರಲಿಲ್ಲ. ಜೀವನವೆಲ್ಲ ಮಂದಿಯ ಮಾತು ಮುಟ್ಟಿಸಿದ ನಾನು, ಅವಳಿಗೆಂದು ನನ್ನ ಕೈಗೆ ಬಂದಿದ್ದ ಒಂದೇ ಒಂದು ಮಾತನ್ನು ಮುಟ್ಟಿಸಲಿಲ್ಲ.